ಮುಟ್ಟದ ತಂತಿ

ಡಿಸೆಂಬರ್ ಮೊದಲ ವಾರದ ಒಂದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ದಿಬ್ಬದಹಟ್ಟಿಯ ಕೆಂಪಕ್ಕ ಬಲಗೈ ಮುರಿದುಕೊಂಡಳು.

ಕಾಲು ಉಳುಕಿದ್ದ ಮರಿಯೊಂದನ್ನು ಎದೆಗವಚಿಕೊಂಡು ಅವಳು ಕುರಿ ರೊಪ್ಪದಿಂದ ಹೊರಗೆ ಬರುತ್ತಿದ್ದಳು. ಮೊಣಕೈ ಬೇಲಿಯ ತಂತಿಗೆ ತಗುಲಿತು. ಚಟ್ ಎಂದು ಸದ್ದಾಯಿತು. ಯಾರೋ ಹುಣಸೆ ಬರಲಿನಿಂದ ಬಾರಿಸಿದ ಹಾಗೆ ತೋಳೆಲ್ಲ ಝುಂ ಎಂದಿತು. ಮರಿ ಹಾರಿ ದೂರ ಬಿತ್ತು, ಅವಳು ಹಿಂದಕ್ಕೆ ಬಿದ್ದಳು. ಹಿಂದಿದ್ದದ್ದು ಕುರಿಗಳಿಗೆ ನೀರಿಡುವ ಕಲ್ಲುಬಾನಿ. ಮಣಿಕಟ್ಟಿನ ಮೂಳೆ ಮುರಿದದ್ದು ಅವಳ ಕಿವಿಗೇ ಕೇಳಿಸಿತು.

ಆ ಬೇಲಿ ಹಾಕಿಸಿದವಳು ಅವಳೇ. ಮೂರು ವರ್ಷದ ಹಿಂದೆ ಚಿರತೆ ಮುಳ್ಳುಬೇಲಿ ಹಾರಿ ನಾಲ್ಕು ಮರಿ ಹೊತ್ತುಕೊಂಡು ಹೋದ ಮೇಲೆ, ಗಂಡನನ್ನು ಕಾಡಿ ಬೇಡಿ ಅರ್ಧ ಎಕರೆ ಸುತ್ತ ಕಲ್ಲುಕಂಬ ನೆಡಿಸಿ ಐದು ಸಾಲು ತಂತಿ ಎಳೆಸಿದ್ದಳು. ಆಗ ಆಕಾಶ ಖಾಲಿ ಇತ್ತು. ಹೋದ ಬೇಸಗೆಯಲ್ಲಿ ಪಾವಗಡದ ಕಡೆಯಿಂದ ಟವರುಗಳು ಸಾಲಾಗಿ ಎದ್ದು ಬಂದವು. ಒಂದು ಟವರು ಆ ಕಡೆ ಹೊಲದಲ್ಲಿ, ಇನ್ನೊಂದು ಈ ಕಡೆ ಬೀಳಿನಲ್ಲಿ. ನಡುವೆ ದಪ್ಪ ದಪ್ಪ ತಂತಿಗಳು ರೊಪ್ಪದ ತಲೆಯ ಮೇಲೆ ಹಾದುಹೋದವು. ದೀಪಾವಳಿ ಕಳೆದ ಮೇಲೆ ಅದರಲ್ಲಿ ಕರೆಂಟು ಬಿಟ್ಟರು. ಅವತ್ತಿನಿಂದ ಹಗಲೂ ರಾತ್ರಿ ಜುಂಯ್ ಎನ್ನುವ ಸದ್ದು.

ಅವತ್ತಿನಿಂದಲೇ ಕುರಿಗಳು ರೊಪ್ಪದೊಳಗೆ ಬರಲು ಹಿಂಜರಿಯತೊಡಗಿದ್ದವು. ಗೇಟಿನ ತನಕ ಬಂದು ನಿಲ್ಲುತ್ತಿದ್ದವು. ಒಂದು ಮೂತಿ ಚಾಚಿ ತಂತಿ ಮೂಸಿ ಹೌಹಾರಿ ಹಿಂದೆ ನುಗ್ಗಿದರೆ ಇಡೀ ಹಿಂಡು ಹಿಂದೆ ನುಗ್ಗುತ್ತಿತ್ತು. ಕೆಂಪಕ್ಕ ಎರಡು ಸಲ ಗಂಡನಿಗೆ ಹೇಳಿದ್ದಳು.

"ಚಿರತೆ ವಾಸ್ನೆ ಬಂದಿರ್ಬೇಕು ಬುಡು" ಎಂದಿದ್ದ ಮಾರಣ್ಣ.

ಮಾರಣ್ಣನಿಗೆ ಆಗ ಹೊಸ ಕೆಲಸ ಸಿಕ್ಕಿತ್ತು. ಲೈನ್ ಕಂಪನಿಯವರು ಟವರಿನ ಸಾಮಾನು ಕಾಯಲು ಅವನನ್ನು ವಾಚ್‌ಮನ್ ಮಾಡಿಕೊಂಡಿದ್ದರು. ಹಳದಿ ಟೋಪಿ, ಟಾರ್ಚು, ಮೊಣಕಾಲುದ್ದದ ರಬ್ಬರ್ ಬೂಟು ಕೊಟ್ಟಿದ್ದರು. ಬೂಟನ್ನು ಅವನು ಮಲಗುವಾಗ ಮಾತ್ರ ಬಿಚ್ಚುತ್ತಿದ್ದ.

ಕೆಂಪಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಪಾವಗಡದಲ್ಲಿ ಸಿಮೆಂಟು ಕಟ್ಟು ಹಾಕಿಸಿಕೊಂಡು ಬಂದ ಸಂಜೆ, ಅವನು ನೇರ ಬೇಲಿಯ ಹತ್ತಿರ ಹೋಗಿ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದ.

"ನೋಡು. ಏನೈತೆ ಇದ್ರಾಗೆ? ಬಿಸಿಲಿಗೆ ತಲೆ ಸುತ್ತು ಬಂದೈತೆ ನಿಂಗೆ."

"ನಂಗೆ ತಲೆ ಸುತ್ತು ಬಂದಿಲ್ಲ. ತಂತಿ ಹೊಡೀತು."

"ಹೊಡ್ದಿದ್ರೆ ನಂಗೂ ಹೊಡೀಬೇಕಲ್ಲೇ?"

ಅವಳ ಕಣ್ಣೆದುರೇ ಅವನು ತಂತಿ ಹಿಡಿದು ನಿಂತಿದ್ದ, ಏನೂ ಆಗಿರಲಿಲ್ಲ. ಆದರೂ ತನಗೆ ಆದದ್ದು ಆಗಿತ್ತು. ಅವಳು ಕಂಪನಿಗೆ ಅರ್ಜಿ ಕೊಡಬೇಕೆಂದಳು. ಮಾರಣ್ಣ ಬೇಡವೆಂದ. ಎಂಟನೇ ಕ್ಲಾಸಿನಲ್ಲಿ ಓದುತ್ತಿದ್ದ ಮಗಳು ಲಾವಣ್ಯಳಿಂದ ಬರೆಸಿ, ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿ, ತಾನೇ ಕಳಿಸಿದಳು.

ನಾಲ್ಕನೇ ದಿನ ಇಂಜಿನಿಯರು ಬಂದ. ನರಸಿಂಹರಾಜು ಅಂತ, ಪಾವಗಡದವನೇ, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಹಿಂದಿನ ದಿನದಿಂದ ಸೈಕ್ಲೋನ್ ಮಳೆ ಜಿನುಗುತ್ತಲೇ ಇತ್ತು. ಕಲ್ಲುಕಂಬಗಳೆಲ್ಲ ನೆಂದು ಕಪ್ಪಾಗಿದ್ದವು. ಕೊಡೆ ಹಿಡಿದುಕೊಂಡೇ ಅವನು ಬೇಲಿಗೆ ಮೀಟರು ಇಟ್ಟು ನೋಡಿದ. ಮುಳ್ಳು ಅಲುಗಲಿಲ್ಲ. ತಂತಿಯನ್ನು ಬೆರಳಿನಿಂದ ಮೀಟಿದ. ಏನೂ ಇಲ್ಲ.

"ಏಮಮ್ಮಾ, ಲೈನ್ ಅಲ್ಲೈತೆ, ಬೇಲಿ ಇಲ್ಲೈತೆ. ಮಧ್ಯ ಮೂವತ್ತೈದು ಅಡಿ ಬರೀ ಗಾಳಿ. ಮುಟ್ಟದೇನೇ ಹೆಂಗೆ ಹೊಡೀತದೆ?"

"ಅದು ನಂಗೇನ್ ಗೊತ್ತು ಸಾರ್? ಹೊಡ್ದಿದ್ದು ಗೊತ್ತು."

"ಕರೆಂಟ್ ಹೊಡ್ದಿದ್ರೆ ಸುಟ್ಟಗಾಯ ಇರ್ಬೇಕು. ಎಲ್ಲಿ?" ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಮಾರಣ್ಣನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಮಧ್ಯಾಹ್ನದ ಹೊತ್ತು ಏನಾದ್ರೂ ಹಾಕ್ಕೊಂಡಿದ್ಲೇನಪ್ಪಾ ನಿಮ್ಮಮ್ಮಣ್ಣಿ?"

ಮಾರಣ್ಣ ನಕ್ಕ.

ದೊಡ್ಡ ನಗುವೇನಲ್ಲ. ಸಾಹೇಬರು ತಮಾಷೆ ಮಾಡಿದರೆ ಕೆಳಗಿನವರು ನಗುತ್ತಾರಲ್ಲ, ಅಂಥದ್ದು. ಆದರೆ ಕೆಂಪಕ್ಕ ಅದನ್ನು ನೋಡಿದಳು. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ್ದಳು. ಒಂದು ತೊಟ್ಟು ಕುಡಿದವಳಲ್ಲವೆಂದು ಅವನಿಗೆ ಗೊತ್ತಿತ್ತು.

ವಾರ ಕಳೆಯುವುದರೊಳಗೆ ಕಂಪನಿಯ ಕಾಗದ ಬಂತು. ಲಾವಣ್ಯ ಜೋರಾಗಿ ಓದಿದಳು: "ಸದರಿ ಬೇಲಿಗೂ ವಿದ್ಯುತ್ ಮಾರ್ಗಕ್ಕೂ ಯಾವುದೇ ಸಂಪರ್ಕ ಕಂಡುಬಂದಿರುವುದಿಲ್ಲ. ಸಂಪರ್ಕವಿಲ್ಲದೆ ವಿದ್ಯುತ್ ಆಘಾತ ಸಾಧ್ಯವಿಲ್ಲದ ಕಾರಣ, ಅರ್ಜಿದಾರರು ಕಾಲು ಜಾರಿ ಬಿದ್ದು ಗಾಯಗೊಂಡಿರುತ್ತಾರೆ."

"ಕಾಲು ಜಾರಿ" ಎಂದಳು ಕೆಂಪಕ್ಕ. "ಇನ್ನೊಂದ್ಸಲ ಓದು."

ಲಾವಣ್ಯ ಇನ್ನೊಂದು ಸಲ ಓದಿದಳು.

"ಅವನ್ಗೆ ಹೆಂಗೆ ಗೊತ್ತು ನಾನು ಜಾರ್ದೆ ಅಂತ? ಅಲ್ಲಿ ನಿಂತಿದ್ನಾ ಅವ್ನು?"

ಹಟ್ಟಿಯಲ್ಲಿ ಮಾತು ಬೇರೆ ದಿಕ್ಕಿಗೆ ತಿರುಗಿತು. ನಡುಮಧ್ಯಾಹ್ನದಲ್ಲಿ ಒಬ್ಬಳೇ ರೊಪ್ಪದಲ್ಲಿದ್ದಳಂತೆ, ಗಾಳಿ ಸೋಕಿರಬೇಕು ಎಂದರು. ಮಾರಣ್ಣ ಎಲ್ಲಿಂದಲೋ ಒಂದು ತಾಯಿತ ಮಾಡಿಸಿಕೊಂಡು ತಂದ. ಕಟ್ಟಲು ಹತ್ತಿರ ಬಂದಾಗ ಕೆಂಪಕ್ಕ ಅದನ್ನು ಎಡಗೈಯಿಂದ ಕಿತ್ತುಕೊಂಡು ತಿಪ್ಪೆಗೆ ಎಸೆದಳು. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದಳು. ಅವನು ಎದುರಿಗೇ ಕೂತಿದ್ದರೂ, "ಲಾವಣ್ಯ, ನಿಮ್ಮಪ್ಪಂಗೆ ಹೇಳು, ಟಗರು ಕಟ್ಟಿಲ್ಲ ಅಂತ" ಎನ್ನುತ್ತಿದ್ದಳು.

ಆ ವಾರ ಲಾವಣ್ಯಳ ಶಾಲೆಯಲ್ಲಿ ಬಲದ ಪಾಠ ನಡೆಯುತ್ತಿತ್ತು. ವಿಜ್ಞಾನದ ಮೇಡಂ ಲೋಹಿತಾ ಮಧುಗಿರಿ ಊರಿನವರು, ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದರು. ಮೇಜು ತಳ್ಳುವುದು, ಹಗ್ಗ ಎಳೆಯುವುದು, ಘರ್ಷಣೆ ಇವೆಲ್ಲ ಸಂಪರ್ಕ ಬಲ ಎಂದು ಬೋರ್ಡಿನ ಒಂದು ಕಡೆ ಬರೆದರು. ಇನ್ನೊಂದು ಕಡೆ ಸಂಪರ್ಕ ರಹಿತ ಬಲ ಎಂದು ಬರೆದು ಆಯಸ್ಕಾಂತ, ಭೂಮಿಯ ಎಳೆತ ಹೇಳಿದರು. ಪ್ಲಾಸ್ಟಿಕ್ ಸ್ಕೇಲನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರು. ಚೂರುಗಳು ಎದ್ದು ಸ್ಕೇಲಿಗೆ ಅಂಟಿಕೊಂಡವು.

"ಮುಟ್ಟಿದ್ನಾ?" ಎಂದು ಕೇಳಿದರು.

"ಇಲ್ಲ ಮಿಸ್!"

ಲಾವಣ್ಯ ಎದ್ದು ನಿಂತಳು. "ಮಿಸ್, ಹಂಗಾರೆ ಮೇಲಿನ ಲೈನು ಮುಟ್ಟದೇನೇ ಕೆಳಗಿನ ಬೇಲಿಗೆ ಕರೆಂಟ್ ಬರ್ತದಾ?"

ಲೋಹಿತಾ ಒಂದು ಗಳಿಗೆಯೂ ಯೋಚಿಸಲಿಲ್ಲ. "ಇಲ್ಲಮ್ಮ, ಅದು ಬೇರೆ, ಇದು ಬೇರೆ. ತಂತಿಗೆ ತಂತಿ ಸೇರಿದ್ರೆ ತಾನೇ ಕರೆಂಟ್ ಹರಿಯೋದು? ಕೂತ್ಕೊ."

ಮಗಳು ಸಂಜೆ ಮನೆಗೆ ಬಂದು ಇದನ್ನು ಹೇಳಿದಳು. ಮರುದಿನ ಬೆಳಗ್ಗೆ ಕೆಂಪಕ್ಕ ಕುರಿಗಳನ್ನು ಪಕ್ಕದವರ ಹಿಂಡಿನ ಜೊತೆ ಬಿಟ್ಟು, ಕೊರಳಿಗೆ ಜೋತುಬಿದ್ದ ಕಟ್ಟಿನ ಕೈ ಹೊತ್ತುಕೊಂಡು ಮೂರು ಕಿಲೋಮೀಟರು ನಡೆದು ಶಾಲೆಗೆ ಬಂದಳು. ಲೋಹಿತಾ ವರಾಂಡದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು.

"ಮೇಡಮ್ಮೋರೆ, ನೀವೂ ಅದೇ ಹೇಳಿದ್ರಂತೆ."

"ಯಾರು ನೀವು?"

"ಕಾಲು ಜಾರಿ ಬಿದ್ದೋಳು. ಲಾವಣ್ಯನ ಅವ್ವ. ನನ್ನ ಗಂಡ ತಂತಿ ಹಿಡ್ಕೊಂಡು ಏನೂ ಇಲ್ಲ ಅಂದ. ಇಂಜಿನಿಯರು ನಾನು ಕುಡ್ದಿದ್ದೆ ಅಂದ. ಹಟ್ಟಿಯೋರು ಗಾಳಿ ಮೆಟ್ಕೊಂಡೈತೆ ಅಂದ್ರು. ನೀವು ಓದ್ದೋರು. ಬಂದು ನೋಡಿದ್ರಾ? ನೋಡ್ದೇನೇ ಇಲ್ಲ ಅಂದ್ಬುಟ್ರಲ್ಲ ಮಗೀಗೆ!"

ಕ್ಲಾಸಿನ ಕಿಟಕಿಗಳಲ್ಲಿ ಮಕ್ಕಳ ತಲೆಗಳು ಕಾಣಿಸಿಕೊಂಡವು. ಲೋಹಿತಾ ಅವರ ಮುಖ ಕೆಂಪಾಯಿತು. ಹೆಡ್‌ಮಾಸ್ಟರು ಬಂದು ಗದರಿಸಬಹುದೆಂದು ಕೆಂಪಕ್ಕ ಸಿದ್ಧವಾಗಿಯೇ ನಿಂತಿದ್ದಳು. ಆದರೆ ಲೋಹಿತಾ ಪುಸ್ತಕ ಮುಚ್ಚಿ ಕೇಳಿದರು, "ಎಷ್ಟು ಹೊತ್ತಿಗೆ ಆಗಿದ್ದು?"

"ಮಧ್ಯಾಹ್ನ. ಒಂದು ಗಂಟೆ ಇರ್ಬೌದು."

"ಬಿಸಿಲಿತ್ತಾ? ನೆಲ ಒಣಗಿತ್ತಾ?"

"ಚುರುಗುಟ್ತಿತ್ತು."

"ಇಂಜಿನಿಯರ್ ಬಂದಾಗ?"

"ಮಳೆ ಜಿನುಗ್ತಿತ್ತು."

ಲೋಹಿತಾ ಅವಳ ಪಾದಗಳ ಕಡೆ ನೋಡಿದರು. "ನಿಮ್ಮ ಕಾಲಲ್ಲಿ ಚಪ್ಪಲಿ ಇತ್ತಾ?"

"ರೊಪ್ಪದೊಳೀಕೆ ನಾವು ಮೆಟ್ಟು ಹಾಕ್ಕೊಂಡು ಹೋಗಾಕಿಲ್ಲ. ಬರಿಗಾಲು."

"ನಿಮ್ಮ ಯಜಮಾನರು ಮುಟ್ಟಿದಾಗ?"

"ಕಂಪ್ನಿ ಬೂಟು" ಎಂದಳು ಕೆಂಪಕ್ಕ. ಹೇಳುತ್ತಿದ್ದ ಹಾಗೇ ಅವಳ ದನಿ ಇಳಿಯಿತು. ಇಷ್ಟು ದಿನದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದರು, ಅಷ್ಟೇ.

ಮರುದಿನ ಮಧ್ಯಾಹ್ನ ಬಿಸಿಲು ಮತ್ತೆ ಬಿದ್ದಿತ್ತು. ಲೋಹಿತಾ ಅರ್ಧ ದಿನ ರಜೆ ಹಾಕಿ ಟೆಸ್ಟರು ಹಿಡಿದುಕೊಂಡು ದಿಬ್ಬದಹಟ್ಟಿಗೆ ಬಂದರು. ಬೇಲಿಯ ತಂತಿಗೆ ಟೆಸ್ಟರಿನ ತುದಿ ಇಟ್ಟು ಅಂಗೈ ಮರೆ ಮಾಡಿದರು. ಒಳಗೆ ಕೆಂಪು ದೀಪ ಹೊತ್ತಿಕೊಂಡಿತು. ಅವರು ಬೇಲಿಯ ಉದ್ದಕ್ಕೂ ನಡೆದು ಎಲ್ಲಾದರೂ ಕರೆಂಟಿನ ವೈರು ಸೇರಿದೆಯೇ ಎಂದು ನೋಡಿದರು. ಎಲ್ಲಿಯೂ ಇರಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು ನೆಲದ ಮೇಲೆ ನಿಂತು ಬೆರಳಿನ ಹಿಂಬದಿಯನ್ನು ತಂತಿಯ ಹತ್ತಿರ ತಂದರು.

ಚಟ್!

"ಅಮ್ಮಾ!" ಎಂದು ಹಾರಿ ಹಿಂದಕ್ಕೆ ಬಂದರು.

"ಗೊತ್ತಾತಾ?" ಎಂದಳು ಕೆಂಪಕ್ಕ. ಅವಳಿಗೆ ಕರುಣೆ ಬರಲಿಲ್ಲ.

"ಗೊತ್ತಾಯ್ತು" ಎಂದರು ಲೋಹಿತಾ ಕೈ ಉಜ್ಜಿಕೊಳ್ಳುತ್ತ. "ತಪ್ಪಾಯ್ತು ಕೆಂಪಕ್ಕ. ನಾನೇ ಸ್ಕೇಲು ಹಿಡಿದು ತೋರಿಸ್ತಾ ಇದ್ದೆ, ನಾನೇ ಇಲ್ಲ ಅಂದೆ."

ಅವರು ಬಾನಿಯ ಅಂಚಿನ ಮೇಲೆ ಕೂತು ತಾಯಿ ಮಗಳಿಗೆ ಬಿಡಿಸಿ ಹೇಳಿದರು. ಸ್ಕೇಲು ಕಾಗದವನ್ನು ಮುಟ್ಟದೆ ಎಳೆದ ಹಾಗೆ, ಮೇಲಿನ ಲೈನು ಕೆಳಗಿನ ತಂತಿಯೊಳಗಿನ ವಿದ್ಯುತ್ತನ್ನು ಎಳೆಯುತ್ತದೆ, ತಳ್ಳುತ್ತದೆ, ಒಂದು ಸೆಕೆಂಡಿಗೆ ಐವತ್ತು ಸಲ. ಲೈನು ಅಷ್ಟು ದೊಡ್ಡದು, ಬೇಲಿ ಅಷ್ಟು ಉದ್ದ. ಕಲ್ಲುಕಂಬ ಒಣಗಿದ್ದರೆ ಆ ವಿದ್ಯುತ್ತಿಗೆ ನೆಲಕ್ಕೆ ಇಳಿಯಲು ದಾರಿ ಇಲ್ಲ. ಬರಿಗಾಲಿನವರು ಯಾರಾದರೂ ಮುಟ್ಟಿದರೆ ಅವರ ಮೈಯೇ ದಾರಿ. ಮಳೆ ಬಂದರೆ ನೆಂದ ಕಂಬಗಳೇ ದಾರಿಯಾಗುತ್ತವೆ, ಆಗ ಏನೂ ಗೊತ್ತಾಗುವುದಿಲ್ಲ. ರಬ್ಬರ್ ಬೂಟು ಹಾಕಿದವನಿಗೂ ಗೊತ್ತಾಗುವುದಿಲ್ಲ.

"ಇದ್ರಿಂದ ಜೀವ ಹೋಗೋದು ಕಡಿಮೆ. ಆದ್ರೆ ಬೆಚ್ಚಿ ಬೀಳೋದು, ಕೈಕಾಲು ಮುರ್ಕೊಳ್ಳೋದು ಆಗುತ್ತೆ. ಬೇಲಿಗೆ ಅರ್ತ್ ಮಾಡಿದ್ರೆ ಮುಗೀತು. ಒಂದು ಕಬ್ಬಿಣದ ಸಲಾಕೆ, ಒಂದು ತಂತಿ, ಅಷ್ಟೇ."

"ಇದು ಇಂಜಿನಿಯರ್‌ಗೆ ಗೊತ್ತಿರಾಕಿಲ್ವಾ?"

ಲೋಹಿತಾ ತಲೆ ಎತ್ತಿ ಮೇಲಿನ ಲೈನು ನೋಡಿದರು. "ಗೊತ್ತಿರುತ್ತೆ. ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಲೈನ್ ಕೆಳಗಿನ ಬೇಲಿಗಳಿಗೆಲ್ಲ ಅರ್ತ್ ಮಾಡ್ಬೇಕಾದ್ದು ಅವರ ಕೆಲಸಾನೇ."

ಅಲ್ಲಿಯ ತನಕ ಕೆಂಪಕ್ಕ ಅವನಿಗೆ ತಿಳಿಯದೆ ಬರೆದನೆಂದುಕೊಂಡಿದ್ದಳು. ಈಗ ಅವಳ ಸಿಟ್ಟು ಬೇರೆಯೇ ಆಯಿತು. ಕೂಗಾಡುವ ಸಿಟ್ಟು ಹೋಗಿ, ತಣ್ಣಗೆ ಕೂತುಕೊಳ್ಳುವ ಸಿಟ್ಟು ಬಂತು. ಸೋಮವಾರ ಬೆಳಗ್ಗೆ ಒಬ್ಬಳೇ ಬಸ್ಸು ಹತ್ತಿ ಪಾವಗಡದ ಕಂಪನಿ ಆಫೀಸಿಗೆ ಹೋದಳು. ನರಸಿಂಹರಾಜು ಎರಡು ಗಂಟೆ ಕಾಯಿಸಿ ಒಳಗೆ ಕರೆದ.

"ಏನಮ್ಮಾ ಮತ್ತೆ? ಎಷ್ಟು ಬೇಕು ಹೇಳ್ಬುಡು. ಹಿಂಗೆ ಸುತ್ತಿಸ್ಬೇಡ."

"ನಾನು ದುಡ್ಡು ಕೇಳಾಕೆ ಬಂದಿಲ್ಲ."

"ಮತ್ತೇನ್ ಬೇಕು?"

"ಕಾಲು ಜಾರಿ ಅಂತ ಬರ್ದಿದೀಯಲ್ಲ, ಅದನ್ನ ಹೊಡ್ದಾಕು."

ಅವನು ಮೇಜಿನ ಆಚೆಯ ಗುಮಾಸ್ತನ ಕಡೆ ನೋಡಿ ನಕ್ಕ. ಕೆಂಪಕ್ಕ ಎದ್ದು ಹೋಗಲಿಲ್ಲ. ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಳು. ಫೋನು ಬಂತು, ಟೀ ಬಂತು, ಬೇರೆಯವರು ಬಂದು ಹೋದರು. ಅವಳು ಅವನ ಮುಖವನ್ನೇ ನೋಡುತ್ತ ಕೂತಿದ್ದಳು. ಊಟದ ಹೊತ್ತಾದರೂ ಏಳದಿದ್ದಾಗ ಅವನು ಬೇಸತ್ತು, "ಆಯ್ತು, ಗುರುವಾರ ಬರ್ತೀನಿ, ಹೋಗಮ್ಮಾ" ಎಂದ.

"ಬೆಳಿಗ್ಗೆ ಮಂಜಿನಾಗೆ ಬರ್ಬೇಡ. ಸಂಜೆ ಬಾ. ಮಳೆ ಬಂದ್ರೆ ಬರ್ಬೇಡ."

ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ.

ಗುರುವಾರ ಸಂಜೆ ಆರು ಗಂಟೆಗೆ ಜೀಪು ಬಂತು. ಆ ಹೊತ್ತಿಗೆ ಹಟ್ಟಿಯವರು ಮೂವತ್ತು ನಲವತ್ತು ಜನ ರೊಪ್ಪದ ಹತ್ತಿರ ಸೇರಿದ್ದರು. ಲೋಹಿತಾ ಕೊನೆಯ ಬಸ್ಸು ಬಿಟ್ಟು ಉಳಿದುಕೊಂಡಿದ್ದರು. ಶಾಲೆಯ ಸ್ಟೋರ್‌ರೂಮಿನಲ್ಲಿ ಧೂಳು ತಿನ್ನುತ್ತಿದ್ದ ನಾಲ್ಕಡಿಯ ಹಳೇ ಟ್ಯೂಬ್‌ಲೈಟೊಂದನ್ನು ಲಾವಣ್ಯ ಗೋಣಿಚೀಲದಲ್ಲಿ ಸುತ್ತಿ ತಂದಿದ್ದಳು. ಮಾರಣ್ಣ ಹಳದಿ ಟೋಪಿ ಹಾಕಿಕೊಂಡು ಜೀಪಿನ ಹಿಂದೆ ನಿಂತಿದ್ದ.

ಮಕ್ಕಳನ್ನೆಲ್ಲ ದೂರ ನಿಲ್ಲಿಸಿ, ಲೋಹಿತಾ ಕೈಗೆ ದಪ್ಪ ರಬ್ಬರ್ ಗ್ಲೌಸು ಹಾಕಿಕೊಂಡು ಟ್ಯೂಬಿನ ಒಂದು ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಬೇಲಿಯ ತಂತಿಗೆ ಒರಗಿಸಿದರು.

ಟ್ಯೂಬು ಹೊತ್ತಿಕೊಂಡಿತು. ಮನೆಯಲ್ಲಿ ಉರಿಯುವಷ್ಟು ಪ್ರಖರವಾಗಿ ಅಲ್ಲ, ಮಂಕಾಗಿ, ನಡುಗುತ್ತ. ಆದರೆ ಉರಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಅಯ್ಯಪ್ಪಾ ಎಂದರು. ತಂತಿಯಿಂದ ತೆಗೆದರೆ ಆರಿತು, ಒರಗಿಸಿದರೆ ಹೊತ್ತಿತು.

"ಎಲ್ಲಿಂದ ಎಳ್ದಿದೀರಾ ಕರೆಂಟು?" ಎಂದ ನರಸಿಂಹರಾಜು ಗಡುಸಾಗಿ. "ಹುಕ್ ಹಾಕಿದೀರಾ? ಕೇಸ್ ಮಾಡಿಸ್ತೀನಿ ಗೊತ್ತಾ?"

"ಹುಡುಕು" ಎಂದಳು ಕೆಂಪಕ್ಕ.

ಅವನು ಟಾರ್ಚು ಹಿಡಿದು ಬೇಲಿಯ ಸುತ್ತ ಹೊರಟ. ಪ್ರತಿ ಕಲ್ಲುಕಂಬದ ಬುಡ ನೋಡಿದ, ಗೇಟಿನ ಹಿಂದೆ ನೋಡಿದ. ಇಡೀ ಹಟ್ಟಿ ಅವನ ಹಿಂದೆ ಹೆಜ್ಜೆ ಹಾಕಿತು. ಒಂದು ಸುತ್ತು ಮುಗಿದು ಮೊದಲಿನ ಜಾಗಕ್ಕೆ ಬರುವಾಗ ಅವನ ಹಣೆ ಬೆವೆತಿತ್ತು. ಲೋಹಿತಾ ಕಡೆ ತಿರುಗಿ, ಬೇರೆಯವರಿಗೆ ಕೇಳಿಸಬಾರದೆಂಬ ಹಾಗೆ ದನಿ ತಗ್ಗಿಸಿದ. "ಮೇಡಂ, ಇದು ಇಂಡಕ್ಷನ್ನು. ಲೈನ್ ಕೆಳಗೆ ಎಲ್ಲಾ ಕಡೆ ಇರೋದೇ. ಡೇಂಜರ್ ಏನಿಲ್ಲ. ನೀವು ಓದ್ದೋರು, ಇವ್ರಿಗೆ ಸ್ವಲ್ಪ ಹೇಳಿ."

ಕೆಂಪಕ್ಕ ಕೇಳಿಸಿಕೊಂಡಳು.

"ಏನಂದೆ? ಇನ್ನೊಂದ್ಸಲ ಹೇಳು. ಏನು ಅದು?"

"ಇಂಡಕ್ಷನ್ ಕಣಮ್ಮಾ."

"ಹೆಸರು ಬೇರೆ ಐತೆ ಇದಕ್ಕೆ!" ಅವಳ ದನಿ ಏರಿತು. "ಹೆಸರಿಟ್ಟು ಮಡಿಕ್ಕೊಂಡಿದೀರಾ! ಗೊತ್ತಿದ್ದೂ ಗೊತ್ತಿದ್ದೂ ನಾನು ಕುಡ್ದಿದ್ದೆ ಅಂದೆ. ನನ್ನ ಗಂಡನ ಮುಂದೆ ಅಂದೆ. ಗೊತ್ತಿಲ್ದೆ ಅಂದಿದ್ರೆ ಬುಟ್ಬುಡ್ತಿದ್ದೆ ಕಣಯ್ಯ. ಕಾಗ್ದದಾಗೆ ಬರೀವಾಗ ಕೈ ನಡುಗ್ಲಿಲ್ವಾ ನಿಂಗೆ?"

"ಮರ್ಯಾದೆ ಕೊಟ್ಟು ಮಾತಾಡು!"

"ನೀನು ಕೊಟ್ಟ್ಯಾ? ಡೇಂಜರ್ ಇಲ್ಲ ಅಂದೆಯಲ್ಲ. ಬೂಟು ಬಿಚ್ಚು. ಬಿಚ್ಚಿ ಮುಟ್ಟು. ಇಷ್ಟು ಜನ ನೋಡ್ಲಿ."

ಅವನು ಬೂಟು ಬಿಚ್ಚಲಿಲ್ಲ. ಬೆಲ್ಟು ಸರಿಮಾಡಿಕೊಂಡು ಜೀಪಿನ ಕಡೆ ನೋಡಿದ. ಮೇಲೆ ಲೈನು ಜುಂಯ್ ಎನ್ನುತ್ತಿತ್ತು.

ಆಗ ಜೀಪಿನ ಹಿಂದಿನಿಂದ ಮಾರಣ್ಣ ಬಂದ. ಒಂದು ಕಲ್ಲಿನ ಮೇಲೆ ಕೂತು ಕಂಪನಿಯ ರಬ್ಬರ್ ಬೂಟನ್ನು ಒಂದೊಂದಾಗಿ ಎಳೆದು ತೆಗೆದ.

"ಮಾರಣ್ಣ, ಸುಮ್ನಿರು" ಎಂದ ನರಸಿಂಹರಾಜು. "ಕೆಲ್ಸ ಬೇಕೋ ಬ್ಯಾಡ್ವೋ ನಿಂಗೆ?"

ಮಾರಣ್ಣ ಅವನ ಕಡೆ ನೋಡದೆ ಬರಿಗಾಲಿನಲ್ಲಿ ಬೇಲಿಯ ಹತ್ತಿರ ಹೋದ. ಅವತ್ತು ಹಿಡಿದ ಹಾಗೆಯೇ ಹಿಡಿಯಲು ಕೈ ಚಾಚಿದ. ಬೆರಳು ತಂತಿಗೆ ಇನ್ನೂ ತಾಗಿತ್ತೋ ಇಲ್ಲವೋ, ಕಿಡಿ ಹಾರಿತು. ಅವನು ಕಿರುಚಿ ಕೈ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ತೂರಾಡಿ, ತೋಳು ಹಿಡಿದುಕೊಂಡು ನಿಂತ. ಕಣ್ಣಲ್ಲಿ ನೀರು ಬಂದಿತ್ತು. ಹೆಂಡತಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ.

"ಈಗ ನಗು" ಎಂದಳು ಕೆಂಪಕ್ಕ. ಹತ್ತು ದಿನದ ಮೇಲೆ ಅವನ ಜೊತೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು. "ನಗು ನೋಡಾನ."

ಮಾರಣ್ಣ ತಲೆ ತಗ್ಗಿಸಿದ. ನಂತರ ತಿರುಗಿ, ಕಂಪನಿಯ ಹಳದಿ ಟೋಪಿ ತೆಗೆದು, ಬೂಟಿನ ಜೊತೆ ಜೀಪಿನ ಬಾನೆಟ್ಟಿನ ಮೇಲಿಟ್ಟ. "ಸಾರ್, ಇದನ್ನ ನೋಡ್ದೆ ಅಂತ ನಾನು ಬರ್ಕೊಡ್ತೀನಿ" ಎಂದ. ದನಿ ಗಟ್ಟಿಯಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

ಜನ ಒಮ್ಮೆಲೇ ಮಾತಾಡತೊಡಗಿದರು. ಒಬ್ಬಾಕೆ ತನ್ನ ಬಟ್ಟೆ ಒಣಗಿಸುವ ತಂತಿಯೂ ಹೀಗೆ ಮಾಡುತ್ತದೆ, ನಾಚಿಕೆಗೆ ಹೇಳಿರಲಿಲ್ಲ ಎಂದಳು. ಇನ್ನೊಬ್ಬ ಹಸುವೊಂದು ತಗಡಿನ ಗೇಟಿನ ಹತ್ತಿರ ಬರುವುದಿಲ್ಲ ಎಂದ. ಗಾಳಿ ಸೋಕಿದೆಯೆಂದು ಹೇಳಿದ್ದವರೇ ಈಗ ಇಂಜಿನಿಯರನ್ನು ಸುತ್ತುವರಿದು ಕೂಗಾಡುತ್ತಿದ್ದರು. ಕೆಂಪಕ್ಕನಿಗೆ ಅವರ ಮೇಲೂ ಸಿಟ್ಟು ಬಂತು. ಅವಳು ದೂರ ಹೋಗಿ ಒಬ್ಬಳೇ ನಿಂತಳು. ಲೋಹಿತಾ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು.

ಎರಡು ದಿನದಲ್ಲಿ ಕಂಪನಿಯ ಆಳುಗಳು ಬಂದರು. ರೊಪ್ಪದ ಎರಡು ಮೂಲೆಯಲ್ಲಿ ಆಳಕ್ಕೆ ಗುಂಡಿ ತೆಗೆದು, ಇದ್ದಿಲು ಉಪ್ಪು ಹಾಕಿ, ಕಬ್ಬಿಣದ ಸಲಾಕೆ ನೆಟ್ಟು, ಐದೂ ಸಾಲು ತಂತಿಯನ್ನು ಅದಕ್ಕೆ ಬಿಗಿದರು. ಬಟ್ಟೆಯ ತಂತಿಗೂ ತಗಡಿನ ಗೇಟಿಗೂ ಹಾಗೇ ಮಾಡಿದರು. ಕೆಲಸ ಮುಗಿಯಲು ಒಂದು ದಿನವೂ ಹಿಡಿಯಲಿಲ್ಲ. ಅಷ್ಟು ಸುಲಭದ ಕೆಲಸ ಎಂದು ಕೆಂಪಕ್ಕ ಕಣ್ಣಾರೆ ಕಂಡಳು.

ವಾರದ ನಂತರ ಹೊಸ ಕಾಗದ ಬಂತು. ಬೇಲಿಯಲ್ಲಿ ಪ್ರೇರಿತ ವಿದ್ಯುತ್ ಇದ್ದದ್ದು ಕಂಡುಬಂದಿದೆ, ಭೂಸಂಪರ್ಕ ಕಲ್ಪಿಸಲಾಗಿದೆ ಎಂದು ಅದರಲ್ಲಿತ್ತು. ಕಾಗದ ತಂದವನು ಸಹಿ ಮಾಡಿಕೊಡಲು ಹೇಳಿದ.

"ಹಳೇದು ಏನಾತು?" ಎಂದಳು ಕೆಂಪಕ್ಕ.

"ಅದು ಫೈಲ್‌ನಲ್ಲಿ ಮೇಲಕ್ಕೆ ಹೋಗಿದೆಯಮ್ಮ. ತೆಗೆಯೋಕೆ ಬರಲ್ಲ. ಇದೂ ಅದರ ಜೊತೆ ಸೇರುತ್ತೆ."

"ಅಂದ್ರೆ ನಾನು ಜಾರಿ ಬಿದ್ದಿದ್ದೂ ಇರ್ತದೆ, ಕರೆಂಟು ಹೊಡ್ದಿದ್ದೂ ಇರ್ತದೆ?"

ಅವನು ಭುಜ ಹಾರಿಸಿದ. ಕೆಂಪಕ್ಕ ಮಗಳನ್ನು ಕರೆದಳು. ಸಹಿ ಹಾಕುವ ಜಾಗದ ಮೇಲೆ ಬರೆಸಿದಳು: ಮೊದಲಿನ ಕಾಗದ ಸುಳ್ಳು. ನಾನು ಜಾರಿ ಬಿದ್ದಿಲ್ಲ, ಕುಡಿದೂ ಇರಲಿಲ್ಲ. ಅದರ ಕೆಳಗೆ ಎಡಗೈಯಲ್ಲಿ ತನ್ನ ಹೆಸರು ಬರೆದಳು. ಹೀಗೆಲ್ಲ ಬರೆಯುವ ಹಾಗಿಲ್ಲ ಎಂದು ಅವನು ಗೊಣಗಿದ. ಬೇಡದಿದ್ದರೆ ವಾಪಸ್ಸು ತಗೊಂಡು ಹೋಗು ಎಂದಳು. ಅವನು ಮಡಿಚಿ ಜೇಬಿಗೆ ಹಾಕಿಕೊಂಡ.

ಮಾರಣ್ಣನಿಗೆ ಇನ್ನು ಬರಬೇಡವೆಂದು ಫೋನು ಬಂದಿತ್ತು. ಅವನು ಮತ್ತೆ ಕುರಿ ಕಾಯಲು ಹೋದ. ಸಂಜೆ ಹಿಂಡು ಯಾವ ತಕರಾರೂ ಇಲ್ಲದೆ ರೊಪ್ಪದೊಳಗೆ ನುಗ್ಗುತ್ತಿತ್ತು.

ಜನವರಿಯ ಕೊನೆಗೆ ಪಾವಗಡದಲ್ಲಿ ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು, ಆದರೆ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಇನ್ನೂ ಎರಡು ತಿಂಗಳು ಭಾರದ ಕೆಲಸ ಬೇಡವೆಂದರು. ಮುದ್ದೆ ತೊಳಸುವುದು ಆಗದ ಮಾತು. ಆ ಕೆಲಸ ಮಾರಣ್ಣನ ಪಾಲಿಗೆ ಬಂತು. ಪಾತ್ರೆಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಬೆವರು ಸುರಿಸುತ್ತ ಕೋಲಿನಲ್ಲಿ ತಿರುವಿ, ಗಂಟು ಗಂಟಾದ ಮುದ್ದೆಯನ್ನು ಅವಳ ತಟ್ಟೆಗೆ ಇಟ್ಟ.

"ಇನ್ನಾರ ಸಿಟ್ಟು ಬುಡೇ" ಎಂದ. "ಅವತ್ತು ನಗಬಾರ್ದಿತ್ತು. ನಂಗೆ ಗೊತ್ತು."

ಕೆಂಪಕ್ಕ ಎಡಗೈಯಿಂದ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ಹಿಟ್ಟಿನ ಗಂಟೊಂದು ಹಲ್ಲಿಗೆ ಸಿಕ್ಕಿತು. ನುಂಗಿದಳು.

"ಬೆಂದಿಲ್ಲ" ಎಂದಳು. "ನಾಳೆ ಇನ್ನೊಂದು ಚೂರು ಜಾಸ್ತಿ ಹೊತ್ತು ಮಡಗು."